ಚಳಿಗಾಲದಲ್ಲಿ ಕರೆಂಟ್ ಹೋದ್ರೆ ಸಾಕಿರೋ ಹಾವು, ಗೆಕ್ಕೊ, ಆಮೆಗಳನ್ನ ಬೆಚ್ಚಗಿಡೋದು ಹೇಗೆ

ಈಗಷ್ಟೇ ಕರೆಂಟ್ ಹೋಗಿ, ಹೊರಗಡೆ ಚಳಿ, ಟ್ಯಾಂಕಿನ ಥರ್ಮಾಮೀಟರ್ ಇಳೀತಾ ಇರೋದನ್ನ ನೋಡ್ಕೊಂಡು ಗಾಬರಿಯಲ್ಲಿ ಇದನ್ನ ಓದ್ತಿದ್ರೆ, ಮುಂದಕ್ಕೆ ಓದೋ ಮೊದ್ಲು ಒಂದು ಕೆಲಸ ಮಾಡಿ ಬನ್ನಿ. ಬಾಸ್ಕಿಂಗ್ ಬಲ್ಬು (ಪ್ರಾಣಿ ಕೆಳಗೆ ಕೂತು ಮೈ ಕಾಯಿಸ್ಕೊಳೋದು), ಸೆರಾಮಿಕ್ ಹೀಟರ್ (ಬೆಳಕಿಲ್ದೆ ಬರೀ ಬಿಸಿ ಕೊಡೋದು), ಹೀಟ್ ಮ್ಯಾಟ್ (ಟ್ಯಾಂಕಿಗೆ ಹಾಕೋ ಬಿಸಿ ಹಾಳೆ), ಎಲ್ಲದರ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಕತ್ತಲಲ್ಲಿ ಯಾವ ಸ್ವಿಚ್ ಆನ್ ಇತ್ತು ಯಾವ್ದು ಆಫ್ ಇತ್ತು ಅಂತ ಗೊತ್ತಾಗಲ್ಲ, ಪ್ಲಗ್ ಹೊರಗೆ ಬಂದಿರ್ಬೇಕು.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಮೊದಲ ಸಲ ನಮ್ಮನೇಲಿ ರಾತ್ರಿಯೆಲ್ಲಾ ಕರೆಂಟ್ ಇಲ್ದೇ ಇದ್ದಾಗ ನಾನು ಲೆಪರ್ಡ್ ಗೆಕ್ಕೊ (ಸಾಕೋ ಒಂದು ಥರದ ಹಲ್ಲಿ) ಟ್ಯಾಂಕಿನ ಮೇಲೆ ಎರಡು ದಪ್ಪ ಕಂಬಳಿ ಹೊದಿಸಿ, ಬಲ್ಬಿನ ಡೋಮ್ (ಬಲ್ಬು ಕೂರೋ ಬುಟ್ಟಿಯಂಥ ಕವಚ) ಅಲ್ಲೇ ಜಾಲರಿ ಮೇಲೆ ಬಿಟ್ಟು, ಸಮಾಧಾನವಾಗಿ ಮಲಗಿಬಿಟ್ಟೆ. ಬೆಳಗಿನ ಜಾವ ಸುಟ್ಟ ವಾಸನೆಗೆ ಎಚ್ಚರ ಆಯ್ತು, ಕರೆಂಟ್ ವಾಪಸ್ ಬಂದು ಬಲ್ಬು ಕಂಬಳಿ ಕೆಳಗೇ ಹತ್ಕೊಂಡಿತ್ತು, ಕಂಬಳಿ ಅಂಗೈಯಗಲ ಕಪ್ಪಾಗಿ ಹೊಗೆಯಾಡ್ತಿತ್ತು. ಇನ್ನೊಂದು ಹತ್ತು ನಿಮಿಷ ಮಲಗಿದ್ರೆ ಗೆಕ್ಕೊ ಮಾತ್ರ ಅಲ್ಲ, ಮನೆಯವರೆಲ್ಲಾ ಅಪಾಯದಲ್ಲಿ ಇರ್ತಿದ್ವಿ. ಆಮೇಲಿಂದ ಕರೆಂಟ್ ಹೋದ ತಕ್ಷಣ ನನ್ನ ಕೈ ಹೋಗೋದು ಪ್ಲಗ್ಗಿಗೆ, ಕಂಬಳಿ ಆಮೇಲೆ.

ಎಷ್ಟು ಟೈಮ್ ಇದೆ ಅಂತ ತಿಳ್ಕೊಳಿ

ಆರೋಗ್ಯವಾಗಿರೋ ದೊಡ್ಡ ಪ್ರಾಣಿ ಒಂದು ತಣ್ಣನೆ ರಾತ್ರಿಗೆ ಸಾಯಲ್ಲ. ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್, ಕಾರ್ನ್ ಸ್ನೇಕ್ ಇವೆಲ್ಲ ರಾತ್ರಿ 18–20 ಡಿಗ್ರಿಗೆ ಇಳಿದ್ರೂ ತಡ್ಕೊತವೆ, ಇವುಗಳ ಮೂಲ ಜಾಗದಲ್ಲೂ ರಾತ್ರಿ ತಣ್ಣಗೇ ಇರುತ್ತೆ. ಕ್ರೆಸ್ಟೆಡ್ ಗೆಕ್ಕೊಗಂತೂ 20ರ ಆಸುಪಾಸು ಆರಾಮು, ಅದಕ್ಕೆ ಚಳಿಗಿಂತ 28 ಡಿಗ್ರಿ ದಾಟಿದ್ರೇ ಕಷ್ಟ, ಹಾಗಾಗಿ ಅದರ ಹತ್ರ ಹೀಟ್ ಪ್ಯಾಕ್ ಒಯ್ಯೋ ಮುಂಚೆ ಎರಡು ಸಲ ಯೋಚ್ನೆ ಮಾಡಿ. ಬಾಲ್ ಪೈಥಾನ್ ಥರದ ಬಿಸಿನಾಡಿನವು ಅಷ್ಟು ಗಟ್ಟಿ ಅಲ್ಲ, 23ಕ್ಕೆ ಬಂದ್ರೆ ನಾನು ಕೆಲಸ ಶುರು ಮಾಡ್ತೀನಿ. ಉಳಿದವಕ್ಕೆ 20 ಅಂತ ಗೆರೆ ಹಾಕ್ಕೊಂಡಿದೀನಿ. 15ಕ್ಕಿಂತ ಕೆಳಗೆ ಗಂಟೆಗಟ್ಟಲೆ ಇದ್ರೆ ಯಾವುದಕ್ಕೂ ಒಳ್ಳೇದಲ್ಲ.

ಮರಿಗಳು, ಕಾಯಿಲೆ ಬಿದ್ದವು, ಹೊಟ್ಟೇಲಿ ಮೊಟ್ಟೆ ಇರೋವು, ನಿನ್ನೆ ಮೊನ್ನೆ ಹೊಟ್ಟೆ ತುಂಬ ತಿಂದಿರೋವು, ಇವಕ್ಕೆ ಮೊದಲ ಸರದಿ. ಸಣ್ಣ ಮೈ ಬೇಗ ತಣ್ಣಗಾಗುತ್ತೆ, ಅರವತ್ತು ಗ್ರಾಂ ಗೆಕ್ಕೊ ಅರ್ಧ ಗಂಟೇಲಿ ರೂಮಿನ ಟೆಂಪರೇಚರಿಗೆ ಬಂದುಬಿಡಬಹುದು, ದೊಡ್ಡ ಆಮೆಗೆ ಅಷ್ಟಕ್ಕೇ ಗಂಟೆಗಳು ಬೇಕು. ತಿಂದಿರೋದು ಯಾಕೆ ಮುಖ್ಯ ಅಂದ್ರೆ ಮೈ ತಣ್ಣಗಾದ್ರೆ ಜೀರ್ಣ ಆಗೋದು ನಿಂತೋಗುತ್ತೆ, ಒಳಗಿರೋ ಆಹಾರ ಅಲ್ಲೇ ಕೊಳೆಯೋಕೆ ಶುರುವಾಗುತ್ತೆ, ಹಾವಾದ್ರೆ ವಾಂತಿ ಮಾಡ್ಬಿಡುತ್ತೆ.

ಇನ್ನೊಂದು ವಿಷಯ ತಲೇಲಿ ಕೂರಲಿ. ಕಂಬಳಿ ನಮ್ಮನ್ನ ಬೆಚ್ಚಗಿಡೋದು ನಮ್ಮ ಮೈ ತಾನೇ ಬಿಸಿ ಹುಟ್ಟಿಸೋದ್ರಿಂದ. ಹಾವು ಹಲ್ಲಿಗೆ ಆ ಶಕ್ತಿ ಇಲ್ಲ, ಆಗ್ಲೇ ತಣ್ಣಗಾಗಿರೋ ಹಾವಿಗೆ ಹತ್ತು ಕಂಬಳಿ ಸುತ್ತಿದ್ರೂ ಅದು ತಣ್ಣಗೇ ಇರುತ್ತೆ, ಇನ್ನೂ ಹೇಳ್ಬೇಕಂದ್ರೆ ಹೊರಗಿನ ಬಿಸೀನೂ ಒಳಗೆ ಬರದ ಹಾಗೆ ಕಂಬಳಿ ತಡೆಯುತ್ತೆ. ಅದಕ್ಕೇ ಟ್ಯಾಂಕ್ ಇನ್ನೂ ಬೆಚ್ಚಗಿರುವಾಗ್ಲೇ ಸುತ್ತಬೇಕು. ಮೊದಲ ಒಂದು ಗಂಟೇಲಿ ಮಾಡೋ ಕೆಲಸ ಆಮೇಲಿನ ಐದು ಗಂಟೆ ಒದ್ದಾಟ ಉಳಿಸುತ್ತೆ.

ಮೊದಲ ಗಂಟೆ: ಇರೋ ಬಿಸಿ ಹೋಗದ ಹಾಗೆ

ಮನೆಯಲ್ಲಿ ಅತಿ ಚಿಕ್ಕ, ಕಿಟಕಿ ಕಮ್ಮಿ ಇರೋ, ಹೊರಗೋಡೆಗೆ ತಾಗದೇ ಇರೋ ರೂಮ್ ಯಾವ್ದು ಅಂತ ನೋಡಿ. ಎತ್ತೋಕಾಗೋ ಟ್ಯಾಂಕ್ ಎಲ್ಲಾ ಅಲ್ಲಿಗೆ ತನ್ನಿ, ನೀವೂ ಅಲ್ಲೇ ಇರಿ, ನಾಲ್ಕು ಜನ ಕೂತ್ರೆ ಸಣ್ಣ ರೂಮು ತಾನಾಗೇ ಒಂದೆರಡು ಡಿಗ್ರಿ ಮೇಲಿರುತ್ತೆ. ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿ. ಟ್ಯಾಂಕನ್ನ ನೆಲದ ಮೇಲೆ ಇಡ್ಬೇಡಿ, ತಣ್ಣನೆ ಗಾಳಿ ಕೆಳಗೇ ಇರುತ್ತೆ, ಮೇಜೋ ಮಂಚವೋ ಏನಾದ್ರೂ ಸರಿ, ಕೆಳಗೊಂದು ಥರ್ಮೋಕೋಲ್ ಶೀಟ್ ಹಾಕಿ.

ಆಮೇಲೆ ಟ್ಯಾಂಕ್ ಸುತ್ತೋದು. ಗಾಜಿನ ಟ್ಯಾಂಕಿನಲ್ಲಿ ಬಿಸಿ ಹೆಚ್ಚು ಓಡಿಹೋಗೋದು ಮೇಲಿನ ಜಾಲರಿಯಿಂದ, ಅದನ್ನ ಮೊದಲು ಮುಚ್ಚಿ. ಡೋಮ್, ಬಲ್ಬು, ಟ್ಯೂಬ್ ಎಲ್ಲಾ ಎತ್ತಿ ಬೇರೆ ಕಡೆ ಇಟ್ಟು, ಜಾಲರಿಯ ಮುಕ್ಕಾಲು ಭಾಗ ಟವೆಲ್ ಮಡಚಿ ಮುಚ್ಚಿ, ಒಂದು ಮೂಲೇಲಿ ಅಂಗೈಯಷ್ಟು ಜಾಗ ಗಾಳಿಗೆ ಬಿಡಿ. ಹಿಂದೆ ಮತ್ತು ಎರಡು ಪಕ್ಕಕ್ಕೆ ಥರ್ಮೋಕೋಲ್ ಶೀಟ್ ನಿಲ್ಸಿ, ಅದಿಲ್ಲ ಅಂದ್ರೆ ಬಬಲ್ ರ‍್ಯಾಪ್, ರಟ್ಟು, ದಿಂಬು, ಏನಾದ್ರೂ ನಡಿಯುತ್ತೆ, ಅದರ ಮೇಲೆ ಕಂಬಳಿ. ಮುಂದಿನ ಭಾಗ ಮಾತ್ರ ಎತ್ತಿ ನೋಡೋ ಹಾಗಿರ್ಲಿ, ಪ್ರತಿ ಸಲ ಪೂರ್ತಿ ಬಿಚ್ಚಿ ನೋಡಿದ್ರೆ ಸುತ್ತಿದ್ದೇ ದಂಡ. ಮೇಲಿಂದ ಕೈ ಹಾಕಿ ಮುಟ್ಟಿ ಮುಟ್ಟಿ ನೋಡೋ ಆಸೆ ಆಗುತ್ತೆ, ತಡ್ಕೊಳಿ.

ಕೈಯಲ್ಲಿ ಮುಟ್ಟಿ ಬೆಚ್ಚಗಿದೆಯೋ ಇಲ್ವೋ ಅಂತ ಹೇಳೋಕೂ ಆಗಲ್ಲ. ನಮ್ಮ ಚರ್ಮ 32–34 ಡಿಗ್ರಿ ಇರುತ್ತೆ, ಪ್ರಾಣಿ 26ರಲ್ಲಿ ಆರಾಮಾಗಿದ್ರೂ ಕೈಗೆ ತಣ್ಣಗೇ ಅನ್ಸುತ್ತೆ. ಬ್ಯಾಟರಿ ಹಾಕೋ, ಉದ್ದ ವೈರಿನ ಪ್ರೋಬ್ (ಬಿಸಿ ಅಳೆಯೋ ತುದಿ) ಇರೋ ಡಿಜಿಟಲ್ ಥರ್ಮಾಮೀಟರ್ ತಗೊಂಡು ಪ್ರೋಬ್ ಒಳಗಿಟ್ಟು ಡಿಸ್ಪ್ಲೇ ಹೊರಗಿಡಿ. ಒಂದೇ ಇದ್ರೆ ಅದನ್ನ ಅತಿ ಸೂಕ್ಷ್ಮ ಪ್ರಾಣಿಯ ಟ್ಯಾಂಕಿಗೆ ಕೊಡಿ. ಅರ್ಧ ಗಂಟೆಗೊಂದ್ಸಲ ನಂಬರ್ ಒಂದು ಚೀಟಿ ಮೇಲೆ ಬರೀತಾ ಹೋಗಿ, ಎಷ್ಟು ವೇಗವಾಗಿ ಇಳೀತಿದೆ ಅಂತ ಗೊತ್ತಾದ್ರೆ ರಾತ್ರಿ ಎಷ್ಟೊತ್ತಿಗೆ ಏಳ್ಬೇಕು ಅನ್ನೋದೂ ಗೊತ್ತಾಗುತ್ತೆ.

ಇದೇ ಗಂಟೇಲಿ ಇನ್ನೆರಡು ಸಣ್ಣ ಕೆಲಸ ಇವೆ. ಟ್ಯಾಂಕೊಳಗೆ ಓಡಾಡ್ತಿರೋ ಮಿಡತೆ, ಜೀರುಂಡೆ ಹುಳುಗಳನ್ನ ಹಿಡಿದು ಹೊರಗೆ ತೆಗೀರಿ, ಹಲ್ಲಿ ಚಳಿಗೆ ಮಂಕಾಗಿ ಬಿದ್ದಿರುವಾಗ ಹಸಿದ ಹುಳು ಅದನ್ನೇ ಕಚ್ಚೋದುಂಟು. ನೀರು ಸ್ಪ್ರೇ ಮಾಡೋದು ನಿಲ್ಸಿ. ತಣ್ಣಗೆ, ಒದ್ದೆ, ಎರಡೂ ಸೇರಿದ್ರೆ ಶ್ವಾಸಕೋಶದ ಸೋಂಕಿಗೆ ದಾರಿ.

20 ಡಿಗ್ರಿಗೆ ಇಳಿದ್ಮೇಲೆ: ಬಿಸಿ ಕೊಡೋದು

ಇಲ್ಲಿ ದೊಡ್ಡ ಟ್ಯಾಂಕ್ ಬಿಸಿ ಮಾಡೋಕೆ ಹೋಗ್ಬೇಡಿ, ಪ್ರಾಣೀನ ಸಣ್ಣ ಜಾಗಕ್ಕೆ ತನ್ನಿ. ನಾನು ಬಳಸೋದು ಡಬ್ಬದೊಳಗೆ ಡಬ್ಬ. ತೂತು ಕೊರೆದಿರೋ ಪ್ಲಾಸ್ಟಿಕ್ ಡಬ್ಬ, ಪ್ರಾಣಿ ಮೈ ಚಾಚಿ ತಿರುಗೋಕಾಗೋಷ್ಟು ದೊಡ್ಡದು, ಕೆಳಗೆ ಪೇಪರ್ ಟವೆಲ್, ಹಾವಾದ್ರೆ ಮೊದಲು ಹತ್ತಿ ಬಟ್ಟೆಯ ದಿಂಬಿನ ಕವರೊಳಗೆ ಹಾಕಿ ಬಾಯಿ ಗಂಟು ಕಟ್ಟಿ ಡಬ್ಬಕ್ಕೆ. ಆ ಡಬ್ಬ ಹೋಗಿ ಕೂರೋದು ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಅದಕ್ಕೂ ಪೆನ್ನಿನ ಗಾತ್ರದ ನಾಲ್ಕಾರು ತೂತು. ಬಿಸಿ ಕೊಡೋ ವಸ್ತು ಇರೋದು ಎರಡು ಡಬ್ಬಗಳ ಮಧ್ಯದ ಜಾಗದಲ್ಲಿ, ಅದೂ ಒಂದೇ ಪಕ್ಕದಲ್ಲಿ, ಪ್ರಾಣಿಗೆ ಬೇಡ ಅನ್ಸಿದ್ರೆ ಇನ್ನೊಂದು ಪಕ್ಕಕ್ಕೆ ಸರಿಯೋಕೆ ಆಗ್ಬೇಕು. ಪ್ರೋಬ್ ಒಳ ಡಬ್ಬದಲ್ಲಿ, ಬಿಸಿ ಇರೋ ಪಕ್ಕದಲ್ಲಿ. ಗುರಿ 25–28 ಡಿಗ್ರಿ ಅಷ್ಟೇ, ಬಾಸ್ಕಿಂಗ್ ಟೆಂಪರೇಚರ್ ತರೋ ಪ್ರಯತ್ನ ಬೇಡ. ಒಂದು ಡಬ್ಬಕ್ಕೆ ಒಂದೇ ಪ್ರಾಣಿ, ಎಷ್ಟೇ ಜಾಗ ಕಮ್ಮಿ ಇದ್ರೂ.

ಬಿಸಿ ಎಲ್ಲಿಂದ ತರೋದು ಅಂದ್ರೆ ನನ್ನ ಮೊದಲ ಆಯ್ಕೆ ಬಿಸಿನೀರು. ರಬ್ಬರಿನ ಹಾಟ್ ವಾಟರ್ ಬ್ಯಾಗ್ ಇದ್ರೆ ಚೆನ್ನ, ಅದಕ್ಕೂ ಕುದಿಯೋ ನೀರು ಹಾಕದೆ ಸ್ವಲ್ಪ ಆರಿಸಿ ಹಾಕಿ, ಟವೆಲ್ ಎರಡು ಸುತ್ತು ಸುತ್ತಿ. ಮಾಮೂಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ 45–50 ಡಿಗ್ರಿ ಮೀರಿದ ನೀರು ಬೇಡ, ತುಂಬ ಬಿಸಿಗೆ ಸುರುಟಿಕೊಂಡು ಸೋರುತ್ತೆ, ಡಬ್ಬ ಒದ್ದೆ ಆದ್ರೆ ಇದ್ದಿದ್ದಕ್ಕಿಂತ ಕಷ್ಟ. ಒಂದು ದೊಡ್ಡ ಬಾಟಲಿಗಿಂತ ಎರಡು ಮಧ್ಯಮ ಬಾಟಲಿ ಒಳ್ಳೇದು, ಒಂದನ್ನ ಬದಲಾಯಿಸುವಾಗ ಇನ್ನೊಂದು ಬಿಸಿ ಇರುತ್ತೆ. ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗೊಂದ್ಸಲ ಬದಲಾಯಿಸ್ಬೇಕು. ಆರಿಹೋದ ಬಾಟಲಿನ ಒಳಗೇ ಬಿಟ್ರೆ ಅದೇ ಬಿಸಿ ಎಳ್ಕೊಳೋಕೆ ಶುರು ಮಾಡುತ್ತೆ, ಅಲಾರಂ ಇಟ್ಕೊಂಡು ಮಲಗಿ. ಚಳಿಗಾಲದಲ್ಲಿ ಕರೆಂಟ್ ಹೋಗೋ ಸೂಚನೆ ಇದ್ದಾಗ ಮೊದಲೇ ಎರಡು ದೊಡ್ಡ ಫ್ಲಾಸ್ಕಿಗೆ ಕುದಿನೀರು ತುಂಬಿಡೋದು ನನ್ನ ಅಭ್ಯಾಸ, ತಣ್ಣೀರಿಗೆ ಬೆರೆಸಿ ಬೆರೆಸಿ ರಾತ್ರಿ ಕಳೆಯುತ್ತೆ.

ಎರಡನೇದು ಹೀಟ್ ಪ್ಯಾಕ್. ಪ್ರಾಣಿಗಳನ್ನ ಪಾರ್ಸೆಲ್ ಮಾಡುವಾಗ ಹಾಕೋ 40 ಗಂಟೆ, 72 ಗಂಟೆ ಪ್ಯಾಕ್ ಇರ್ತವಲ್ಲ, ಅವು ಸಿಕ್ಕಿದ್ರೆ ಅವೇ ಇರ್ಲಿ, ನಿಧಾನವಾಗಿ ಕಾಯ್ತವೆ. ಕೈ ಬೆಚ್ಚಗೆ ಮಾಡ್ಕೊಳೋ ಹ್ಯಾಂಡ್ ವಾರ್ಮರ್ ಅದೇ ಥರದ್ದೇ ಆದ್ರೂ ಬೇಗ ಕಾದು ಕೆಲವು 60 ಡಿಗ್ರಿ ಕೂಡ ದಾಟುತ್ತೆ, ಸಾಕ್ಸೊಳಗೆ ಹಾಕಿ, ಹೊರ ಪೆಟ್ಟಿಗೆಯ ಗೋಡೆಗೆ ಅಂಟಿಸಿಡಿ, ಪ್ರಾಣಿಯ ಮೈಗೆ ಯಾವತ್ತೂ ತಾಗಬಾರ್ದು. ಈ ಪ್ಯಾಕ್ ಒಳಗಿರೋದು ಕಬ್ಬಿಣದ ಪುಡಿ, ಗಾಳಿಯ ಆಮ್ಲಜನಕ ಎಳ್ಕೊಂಡು ತುಕ್ಕು ಹಿಡಿಯುವಾಗ ಬರೋ ಬಿಸಿ ಅದು. ಹಾಗಾಗಿ ತೂತಿಲ್ಲದ ಪೆಟ್ಟಿಗೇಲಿ ಎರಡು ತೊಂದರೆ, ಪ್ಯಾಕೂ ಆರಿಹೋಗುತ್ತೆ, ಪ್ರಾಣಿಗೆ ಉಸಿರಾಡೋ ಗಾಳೀನೂ ಕಮ್ಮಿಯಾಗುತ್ತೆ. ಪ್ಯಾಕೆಟ್ ಹರಿದು ಅರ್ಧ ಗಂಟೆ ಹೊರಗೇ ಇಟ್ಟು, ಎಷ್ಟು ಕಾಯುತ್ತೆ ಅಂತ ನೋಡಿ ಆಮೇಲೆ ಒಳಗಿಡಿ.

ಏನೂ ಇಲ್ವಾ? ನಿಮ್ಮ ಮೈ ಇದೆ. ಹಾವನ್ನ ದಿಂಬಿನ ಕವರಿಗೆ ಹಾಕಿ ಗಂಟು ಕಟ್ಟಿ ಸ್ವೆಟರ್ ಒಳಗೆ ಹೊಟ್ಟೆ ಮೇಲೆ ಇಟ್ಕೊಂಡ್ರೆ ಅದಕ್ಕೆ 30 ಡಿಗ್ರಿಯಷ್ಟು ಸಲೀಸಾಗಿ ಸಿಗುತ್ತೆ, ನಾನು ಕಾರ್ನ್ ಸ್ನೇಕನ್ನ ಹೀಗೆ ಇಡೀ ಸಂಜೆ ಇಟ್ಕೊಂಡಿದ್ದೀನಿ, ಅದು ಅಲ್ಲಾಡ್ಲೇ ಇಲ್ಲ. ಎಚ್ಚರ ಇರುವಾಗ ಮಾತ್ರ, ನಿದ್ದೆಗಣ್ಣಲ್ಲಿ ಮಗುಚಿದ್ರೆ ಪ್ರಾಣಿ ಅಪ್ಪಚ್ಚಿ ಆಗುತ್ತೆ. ಆಮೇಲೆ ಕೈ, ಹೊಟ್ಟೆ ಸೋಪು ಹಾಕಿ ತೊಳ್ಕೊಳಿ, ಈ ಪ್ರಾಣಿಗಳ ಮೈಮೇಲೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರ್ಬಹುದು. ಐದು ವರ್ಷದೊಳಗಿನ ಮಕ್ಕಳ ಹತ್ರ ಇದನ್ನ ಮಾಡಿಸ್ಬೇಡಿ.

ಬೆಂಕಿ, ಹೊಗೆ ಬಗ್ಗೆ

ಚಳಿ ಜಾಸ್ತಿ ಆದಾಗ ಇದ್ದಿಲು ಒಲೆ ಒಳಗೆ ತರೋದು, ಗ್ಯಾಸ್ ಸ್ಟವ್ ಹಚ್ಚಿ ರೂಮು ಕಾಯಿಸೋದು, ಜನರೇಟರನ್ನ ಗ್ಯಾರೇಜಲ್ಲಿ ಓಡಿಸೋದು, ದಯವಿಟ್ಟು ಇವು ಮೂರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನೀವು ಈಗ್ಲೇ ಚಿಕ್ಕ ರೂಮಿನ ಬಾಗಿಲ ಸಂದಿ ಮುಚ್ಚಿ ಕೂತಿದೀರ ಅನ್ನೋದು ನೆನಪಿರ್ಲಿ. ಜನರೇಟರ್ ಹೊರಗೆ, ಕಿಟಕಿ ಬಾಗಿಲಿಂದ ಕಮ್ಮಿ ಅಂದ್ರೂ 6 ಮೀಟರ್ ದೂರ, ಹೊಗೆ ಕೊಳವೆ ಮನೆ ಕಡೆ ತಿರುಗದ ಹಾಗೆ. ಟ್ಯಾಂಕ್ ಕೆಳಗೆ ಮೇಣದಬತ್ತಿ ಇಡೋ ಐಡಿಯಾ ಆಗಾಗ ಕೇಳಿ ಬರುತ್ತೆ, ಗಾಜು ಒಂದೇ ಕಡೆ ಕಾದು ಸಿಡಿಯುತ್ತೆ, ಥರ್ಮೋಕೋಲು ಕಂಬಳಿ ಹತ್ರ ಬೆಂಕಿ ಬೇಡವೇ ಬೇಡ. ತೀರಾ ಗತಿ ಇಲ್ಲ ಅಂದ್ರೆ ಡಬ್ಬ ಎತ್ಕೊಂಡು ಕಾರಲ್ಲಿ ಕೂತು ಹೀಟರ್ ಹಾಕಿ, ಆದ್ರೆ ಕಾರು ಬಯಲಲ್ಲಿ ನಿಂತಿರ್ಬೇಕು.

ಹಗಲಾದ್ಮೇಲೆ ಬಿಸಿಲು ಬರೋ ಕಿಟಕಿ ಹತ್ರ ಡಬ್ಬ ಇಡ್ಬಹುದು, ಪಕ್ಕದಲ್ಲೇ ಕೂತು ಕಾಯೋದಾದ್ರೆ ಮಾತ್ರ. ಮುಚ್ಚಿದ ಗಾಜಿನ ಟ್ಯಾಂಕಿಗೆ ನೇರ ಬಿಸಿಲು ಬಿದ್ರೆ ಚಳಿಗಾಲದಲ್ಲೂ ಕೆಲವೇ ನಿಮಿಷದಲ್ಲಿ ಒಳಗೆ ಸಾಯೋಷ್ಟು ಕಾವೇರುತ್ತೆ.

ಇನ್ವರ್ಟರ್, ಯುಪಿಎಸ್ ಲೆಕ್ಕ

ಇನ್ವರ್ಟರ್ ಇದೆ ಅಂತ ನಿಶ್ಚಿಂತೆಯಿಂದ ಇರೋರು ಒಂದ್ಸಲ ಲೆಕ್ಕ ಹಾಕಿ ನೋಡಿ. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದ್ರೆ ಗುಣಿಸಿದ್ರೆ 1800 ವ್ಯಾಟ್ ಅವರ್, ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಕಮ್ಮಿ ಆಗುತ್ತೆ, ಆ ಅರ್ಧದಲ್ಲೂ ಇನ್ವರ್ಟರ್ ತಾನೇ ಒಂದಷ್ಟು ತಿನ್ನುತ್ತೆ, ಕೈಗೆ ಸಿಗೋದು ಸುಮಾರು 750. ನೂರು ವ್ಯಾಟಿನ ಸೆರಾಮಿಕ್ ಹೀಟರ್ ಹಾಕಿದ್ರೆ ಏಳು ಗಂಟೆ, ಅದರ ಬದಲು 15 ವ್ಯಾಟಿನ ಮೂರು ಹೀಟ್ ಮ್ಯಾಟ್ ಹಾಕಿದ್ರೆ ಹದಿನಾರು ಗಂಟೆ. ಸುತ್ತಿ ಬೆಚ್ಚಗಿಟ್ಟ ಟ್ಯಾಂಕಲ್ಲಿ ಥರ್ಮೋಸ್ಟಾಟ್ (ಬಿಸಿ ನೋಡ್ಕೊಂಡು ಹೀಟರ್ ಆನ್ ಆಫ್ ಮಾಡೋ ಸಾಧನ) ಮ್ಯಾಟನ್ನ ಆಗಾಗ ಆಫ್ ಮಾಡೋದ್ರಿಂದ ಇನ್ನೂ ಜಾಸ್ತಿ ಬರುತ್ತೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ಒಳಗಿರೋದು ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ, 84 ವ್ಯಾಟ್ ಅವರ್, ಒಂದು ಮ್ಯಾಟಿಗೆ ಮೂರು ಗಂಟೆ ಸಿಕ್ಕಿದ್ರೆ ಪುಣ್ಯ. ಮ್ಯಾಟಿನ ಪ್ಲಗ್ ವಾಪಸ್ ಹಾಕೋದು ಇನ್ವರ್ಟರಿಗೆ ಮಾತ್ರ, ಅದೂ ಥರ್ಮೋಸ್ಟಾಟ್ ಮೂಲಕವೇ. ಡಿಮ್ಮಿಂಗ್ ಥರದ (ಪೂರ್ತಿ ಆಫ್ ಮಾಡದೆ ಕರೆಂಟನ್ನ ಹೆಚ್ಚು ಕಮ್ಮಿ ಮಾಡೋ) ಥರ್ಮೋಸ್ಟಾಟಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ರೇ ಬೇಕು, ಸ್ಕ್ವೇರ್ ವೇವಲ್ಲಿ ಸರಿಯಾಗಿ ಕೆಲಸ ಮಾಡದೇ ಇರ್ಬಹುದು, ಚಳಿಗಾಲ ಬರೋ ಮುಂಚೆ ಒಂದ್ಸಲ ಹಾಕಿ ಪರೀಕ್ಷೆ ಮಾಡಿಡಿ. ಯುವಿಬಿ ಟ್ಯೂಬಿಗೆ (ಬಿಸಿಲಿನ ಅತಿನೇರಳೆ ಕಿರಣ ಕೊಡೋ ಲೈಟಿಗೆ) ಬ್ಯಾಟರಿ ಖರ್ಚು ಮಾಡ್ಬೇಡಿ, ಎರಡು ಮೂರು ದಿನ ಅದಿಲ್ದೇ ಇದ್ರೆ ಏನೂ ಆಗಲ್ಲ.

ನೀರಾಮೆ ಇರೋರಿಗೆ

ನಿಮ್ಮ ಕಷ್ಟ ಸ್ವಲ್ಪ ಕಮ್ಮಿ, ನೀರು ಬಿಸಿಯನ್ನ ಸುಲಭಕ್ಕೆ ಬಿಡಲ್ಲ, ನೂರು ಲೀಟರಿನ ಟ್ಯಾಂಕ್ ಸುತ್ತಿಟ್ರೆ ತುಂಬ ನಿಧಾನವಾಗಿ ಇಳಿಯುತ್ತೆ. ರೆಡ್ ಇಯರ್ಡ್ ಸ್ಲೈಡರ್ ದೊಡ್ಡದಾದ್ರೆ ನೀರು 20ರ ಹತ್ರ ಬಂದ್ರೂ ಮಂಕಾಗಿ ಕೂರುತ್ತೆ ಅಷ್ಟೇ. ಫಿಲ್ಟರ್ ನಿಂತ್ರೆ ಉಸಿರು ಕಟ್ಟುತ್ತೆ ಅಂತ ಹೆದರ್ಬೇಡಿ, ಆಮೆ ಮೇಲೆ ಬಂದು ಗಾಳಿ ತಗೊಳುತ್ತೆ. ಊಟ ಮಾತ್ರ ಹಾಕ್ಬೇಡಿ. ಕುದಿನೀರು ಸುರಿಯೋದು ಬೇಡ, ಬೇಕಿದ್ರೆ ಮುಚ್ಚಿದ ಬಾಟಲಿಗಳಲ್ಲಿ ಬಿಸಿನೀರು ತುಂಬಿ ತೇಲಿಬಿಡಿ. ಫಿಲ್ಟರಿನ ಡಬ್ಬ ಹಲವು ಗಂಟೆ ನಿಂತಿದ್ರೆ ಒಳಗಿನ ಒಳ್ಳೇ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ದೆ ಸತ್ತು ನೀರು ನಾರುತ್ತೆ, ಕರೆಂಟ್ ಬಂದ ತಕ್ಷಣ ಆನ್ ಮಾಡಿದ್ರೆ ಆ ಕೊಳಕೆಲ್ಲಾ ಟ್ಯಾಂಕಿಗೆ ಬರುತ್ತೆ. ಬಿಚ್ಚಿ, ಸ್ಪಂಜನ್ನ ಟ್ಯಾಂಕಿನದ್ದೇ ನೀರಲ್ಲಿ ಹಿಂಡಿ ಆಮೇಲೆ ಹಾಕಿ. ನೀರು ನಿಮ್ಮ ಕೈಮೀರಿ ತಣ್ಣಗಾದ್ರೆ ಆಮೇನ ಒರೆಸಿ, ಸ್ವಲ್ಪ ತೇವದ ಟವೆಲ್ ಹಾಕಿದ ಟಬ್ಬಲ್ಲಿ ಒಂದು ದಿನ ಇಡ್ಬಹುದು.

ಸೆಟೆದು ಬಿದ್ದಿದ್ರೆ

ಬೆಳಿಗ್ಗೆ ನೋಡಿದಾಗ ಪ್ರಾಣಿ ಸೆಟೆದು, ಬಣ್ಣ ಕಪ್ಪಾಗಿ, ಮುಟ್ಟಿದ್ರೂ ಅಲ್ಲಾಡದೆ ಬಿದ್ದಿದ್ರೆ ಸತ್ತಿದೆ ಅಂತ ತೀರ್ಮಾನ ಮಾಡ್ಬೇಡಿ, ಕೈಮುಗಿದು ಹೇಳ್ತೀನಿ. 2020ರ ಜನವರಿಯಲ್ಲಿ ಅಮೆರಿಕದ ಮಯಾಮಿಯ ಹವಾಮಾನ ಕಚೇರಿ, ಚಳಿಗೆ ಇಗುವಾನಾಗಳು ಮರದಿಂದ ಉದುರಬಹುದು, ಆದ್ರೆ ಸತ್ತಿರಲ್ಲ ಅಂತ ಜನರಿಗೆ ತಿಳಿಸ್ಬೇಕಾಯ್ತು. ಮೈ ಮರಗಟ್ಟಿರುತ್ತೆ, ಎದೆಬಡಿತ ಉಸಿರು ಕಣ್ಣಿಗೆ ಕಾಣದಷ್ಟು ನಿಧಾನ ಆಗಿರುತ್ತೆ.

ಇಂಥ ಪ್ರಾಣಿಗೆ ಬಿಸಿನೀರು ಸ್ನಾನ, ಹೇರ್ ಡ್ರೈಯರ್, ಬಲ್ಬಿನ ಕೆಳಗೆ ಹಿಡಿಯೋದು ಯಾವ್ದೂ ಬೇಡ, ಅದಕ್ಕೆ ಓಡಿಹೋಗೋ ಶಕ್ತಿ ಇರಲ್ಲ, ಸುಟ್ಟ್ರೂ ಅಲ್ಲೇ ಬಿದ್ದಿರುತ್ತೆ. ಮೊದಲು ರೂಮಿನ ಬೆಚ್ಚನೆ ಗಾಳೀಲಿ, ಆಮೇಲೆ ಆ ಎರಡು ಡಬ್ಬದ ವ್ಯವಸ್ಥೇಲಿ, ಗಂಟೆಗೆ ಎರಡು ಮೂರು ಡಿಗ್ರಿ ಏರೋ ಹಾಗೆ ತನ್ನಿ. ಬಾಯಿಗೆ ನೀರು ಹಾಕ್ಬೇಡಿ. ಈ ಮಧ್ಯೆ ರೆಪ್ಟೈಲ್ ನೋಡೋ ಡಾಕ್ಟರಿಗೆ ಫೋನ್ ಮಾಡಿ, ಎದ್ದು ಓಡಾಡಿದ್ರೂ ಒಂದ್ಸಲ ತೋರಿಸೋದು ಒಳ್ಳೇದು. ಕೆಲವರು ಇದೆಲ್ಲಾ ಚಳಿನಿದ್ದೆ, ಸಹಜ ಅಂತ ಹೇಳ್ತಾರೆ. ಚಳಿನಿದ್ದೆಗೆ ಹೋಗೋ ಜಾತಿಗಳೂ ವಾರಗಟ್ಟಲೆ ಊಟ ಬಿಟ್ಟು, ಹೊಟ್ಟೆ ಖಾಲಿ ಮಾಡ್ಕೊಂಡು, ನಿಧಾನವಾಗಿ ತಣ್ಣಗಾಗ್ತವೆ. ಒಂದೇ ರಾತ್ರೀಲಿ 32ರಿಂದ 14ಕ್ಕೆ ಬೀಳೋದು ಬೇರೆ.

ಕರೆಂಟ್ ಬಂದ್ಮೇಲೆ

ಲೈಟ್ ಹತ್ತಿದ ಖುಷಿಗೆ ಎಲ್ಲಾ ಪ್ಲಗ್ ಒಟ್ಟಿಗೆ ತುರುಕ್ಬೇಡಿ. ಹತ್ತು ಹದಿನೈದು ನಿಮಿಷ ಕಾಯಿರಿ, ವೋಲ್ಟೇಜ್ ಏರಿಳಿತ ನಿಲ್ಲಲಿ. ಮೊದಲು ಕಂಬಳಿ, ಟವೆಲ್, ಥರ್ಮೋಕೋಲ್ ಪೂರ್ತಿ ತೆಗೆದು ಪಕ್ಕಕ್ಕಿಡಿ. ಆಮೇಲೆ ಥರ್ಮೋಸ್ಟಾಟಿನ ಪ್ರೋಬ್ ಎಲ್ಲಿದೆ ಅಂತ ನೋಡಿ, ಇದು ಎಲ್ಲರೂ ಮರೆಯೋ ವಿಷಯ. ಗಡಿಬಿಡೀಲಿ ಟ್ಯಾಂಕ್ ಸಾಗಿಸುವಾಗ ಪ್ರೋಬ್ ಹೊರಗೆ ಬಿದ್ದಿರುತ್ತೆ, ಅದು ತಣ್ಣನೆ ರೂಮನ್ನ ಅಳೀತಾ ಹೀಟರನ್ನ ನಿಲ್ಸದೇ ಓಡಿಸುತ್ತೆ, ರಾತ್ರಿಯೆಲ್ಲಾ ಚಳಿಯಿಂದ ಕಾಪಾಡಿದ ಪ್ರಾಣಿ ಮಧ್ಯಾಹ್ನ ಬಿಸಿಗೆ ಸಾಯುತ್ತೆ. ಟೈಮರ್, ಸೆಟ್ಟಿಂಗ್ ಹಳೇದೇ ಇದೆಯಾ ಅಥವಾ ಕಂಪನಿ ಸೆಟ್ಟಿಂಗಿಗೆ ವಾಪಸ್ ಹೋಗಿದೆಯಾ ಅದನ್ನೂ ನೋಡಿ. ಟ್ಯಾಂಕ್ ಪೂರ್ತಿ ತನ್ನ ಟೆಂಪರೇಚರಿಗೆ ಬಂದು ಒಂದು ಗಂಟೆ ಹಾಗೇ ನಿಂತ್ಮೇಲೆ ಪ್ರಾಣೀನ ಬಿಡಿ.

ಮುಂದಿನ ಎರಡು ವಾರ ಕಿವಿ ಕಣ್ಣು ತೆರೆದಿರ್ಲಿ. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡೋದು, ಉಸಿರಿನ ಜೊತೆ ಸಿಳ್ಳೆ ಥರ ಸದ್ದು, ನೀರಾಮೆ ಒಂದು ಪಕ್ಕಕ್ಕೆ ವಾಲಿ ಈಜೋದು, ಇವು ಯಾವ್ದಾದ್ರೂ ಕಂಡ್ರೆ ಅದು ನ್ಯುಮೋನಿಯಾ ಇರ್ಬಹುದು, ನಾಳೆ ನೋಡೋಣ ಅನ್ಬೇಡಿ.

ಊಟಕ್ಕೆ ಆತುರ ಬೇಡ. ದೊಡ್ಡ ಹಾವು ವಾರಗಟ್ಟಲೆ ಇರುತ್ತೆ, ಲೆಪರ್ಡ್ ಗೆಕ್ಕೊ ಬಾಲದಲ್ಲಿ ಕೊಬ್ಬು ಇಟ್ಕೊಂಡಿರುತ್ತೆ. ಎರಡು ಪೂರ್ತಿ ದಿನ ಮಾಮೂಲಿ ಬಿಸಿ ಸಿಕ್ಕಿ, ಅದು ತಾನಾಗೇ ಬಾಸ್ಕಿಂಗ್ ಜಾಗಕ್ಕೆ ಬಂದು ಕೂತ್ಮೇಲೆ, ಯಾವಾಗ್ಲೂ ಹಾಕೋದರ ಅರ್ಧದಷ್ಟು ಮಾತ್ರ ಹಾಕಿ. ಹಾವು ಚಳಿಗೆ ವಾಂತಿ ಮಾಡಿದ್ರೆ ಎರಡು ವಾರ ನೀರು ಬಿಟ್ಟು ಬೇರೇನೂ ಕೊಡ್ಬೇಡಿ, ಆಮೇಲೆ ಮಾಮೂಲಿಗಿಂತ ತುಂಬ ಸಣ್ಣ ಇಲಿಮರಿ ಒಂದು, ಅದು ಒಳಗೇ ನಿಂತು ಹಿಕ್ಕೆ ಸರಿಯಾಗಿ ಬಿದ್ಮೇಲೆ ಹಳೇ ಅಳತೆಗೆ ಬನ್ನಿ.